ಹತ್ತೊಂಬತ್ತನೆಯ ಶತಮಾನದ ಕರಾವಳಿ ಕೃಷಿಕ ಮನೆತನಗಳ ಕಾಗದಪತ್ರಗಳು: ಓದುವ ಬಗೆ

ಕಟಪಾಡಿಯಿಂದ ಶಿರ್ವಕ್ಕೆ ಸಾಗುವ ದಾರಿಯಲ್ಲಿರುವ ಶಂಕರಪುರದ ಹೆಸರು ಇಂದು ಮಲ್ಲಿಗೆಯೊಡನೆ ಬೆಸೆದುಕೊಂಡಿದೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟಿ ಎಂಬ ಲೆಕ್ಕವೂ ದಿನದಿನಕ್ಕೆ ಬದಲಾಗುವ ದರವೂ ಇಲ್ಲಿನ ಮನೆಮನೆಗೆ ಪರಿಚಿತ. ಆದರೆ ಮಲ್ಲಿಗೆ ಈ ಊರಿನ ಜೀವನಾಧಾರವಾದುದು ಇಪ್ಪತ್ತನೆಯ ಶತಮಾನದ ಮಾತು. ಅದಕ್ಕೆ ಹಿಂದಿನ ನೂರು ವರ್ಷಗಳಲ್ಲಿ ಉಡುಪಿ, ಕಾಪು, ಕಾರ್ಕಳಗಳ ಈ ಹರಹು ಭತ್ತದ ಗದ್ದೆ ಮತ್ತು ತೆಂಗಿನ ತೋಟಗಳ ನಾಡಾಗಿತ್ತು. ಆ ಕಾಲದ ಒಕ್ಕಲುತನದ ಒಳಬದುಕನ್ನು ತಿಳಿಯಲು ನಮಗಿರುವ ಆಧಾರಗಳಲ್ಲಿ ಶಾಸನಗಳಿಲ್ಲ, ಕಾವ್ಯಗಳಿಲ್ಲ. ಇರುವುದು ಹಳೆಯ ಮನೆಗಳ ಉಪ್ಪರಿಗೆಯಲ್ಲಿ, ಕಲೆಂಬಿಯ ತಳದಲ್ಲಿ, ಬಟ್ಟೆಯಲ್ಲಿ ಸುತ್ತಿಟ್ಟ ಕಾಗದದ ಕಟ್ಟುಗಳು. ಗೇಣಿ ಚೀಟು, ತೀರ್ವೆ ಕಟ್ಟಿದ ರಸೀದಿ, ಸಾಲದ ಪತ್ರ, ಘಟ್ಟದಿಂದಲೋ ಮುಂಬಯಿಯಿಂದಲೋ ಬಂದ ಕ್ಷೇಮ ಸಮಾಚಾರ, ಮಂಗಳೂರಿನ ವರ್ತಕನ ಅಕ್ಕಿಯ ದರ, ಮದುವೆಯ ಕರೆ ಇವೆಲ್ಲ ಒಂದೇ ಕಟ್ಟಿನಲ್ಲಿ ಬೆರೆತಿರುತ್ತವೆ. ಇಂಥ ಕಾಗದಗಳನ್ನು ಚರಿತ್ರೆಯ ಆಕರವಾಗಿ ಓದುವುದು ಹೇಗೆ, ಓದುವಾಗ ಎಲ್ಲೆಲ್ಲಿ ಎಡವುವ ಸಂಭವವಿದೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಮ್ಮ ಸಂಶೋಧನೆಯ ಆಸಕ್ತಿ ಬಹುಕಾಲ ಅರಸರ ಹಾಗೂ ಮಠಗಳ ದಾಖಲೆಗಳ ಕಡೆಗೇ ಹರಿದಿದೆ. ಶೃಂಗೇರಿ ಮಠಕ್ಕೆ ಟಿಪ್ಪು ಸುಲ್ತಾನ ಬರೆದ ಕನ್ನಡ ಪತ್ರಗಳನ್ನು ಆರ್. ನರಸಿಂಹಾಚಾರ್ಯರು 1916ರಲ್ಲಿ ಬೆಳಕಿಗೆ ತಂದರು. ಅವುಗಳ ಬಗ್ಗೆ ಇಂದಿಗೂ ಚರ್ಚೆ ನಿಂತಿಲ್ಲ. 1799ರಲ್ಲಿ ಕೆನರಾದ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ತನ್ನ ಮನೆಯವರಿಗೂ ಮೇಲಧಿಕಾರಿಗಳಿಗೂ ಇಲ್ಲಿಂದ ಬರೆದ ಪತ್ರಗಳು, ಅವನ ಮರಣಾನಂತರ ಗ್ಲೇಗ್ ಎಂಬವನು ಬರೆದ ಜೀವನಚರಿತ್ರೆಯ ಮೂಲಕ 1830ರಲ್ಲಿಯೇ ಅಚ್ಚಾದವು. ಕೆನರಾದ ಭೂಮಿ ಖಾಸಗಿ ಒಡೆತನದ್ದು, ಅದನ್ನು ಜನ ಹಿಂದಿನಿಂದಲೂ ಕೊಳ್ಳುತ್ತ ಮಾರುತ್ತ ಬಂದಿದ್ದಾರೆ ಎಂಬ ಅವನ 1800ರ ವರದಿಯ ಮಾತು ಕಂದಾಯದ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಆದರೆ ಹಾಗೆ ಕೊಂಡವರು, ಮಾರಿದವರು, ಗೇಣಿಗೆ ಹಿಡಿದವರು ತಮ್ಮತಮ್ಮೊಳಗೆ ಬರೆದುಕೊಂಡ ಕಾಗದಗಳು ಇನ್ನೂ ಕಲೆಂಬಿಯಲ್ಲೇ ಉಳಿದಿವೆ.

ಅಮೆರಿಕೆಯ ಸ್ಥಿತಿಯೊಡನೆ ಇದನ್ನು ಹೋಲಿಸಬಹುದು. ಹತ್ತೊಂಬತ್ತನೆಯ ಶತಮಾನದ ಅಮೆರಿಕನ್ ರೈತ ಕುಟುಂಬಗಳ ಮನೆವಾರ್ತೆಯ ಮತ್ತು ವ್ಯವಹಾರದ ಪತ್ರಗಳು ಅಲ್ಲಿನ ವಿಶ್ವವಿದ್ಯಾನಿಲಯಗಳ, ರಾಜ್ಯ ಇತಿಹಾಸ ಸಂಘಗಳ ಗ್ರಂಥಾಲಯಗಳಲ್ಲಿ ಪಟ್ಟಿಯಾಗಿ ಓದುಗರಿಗೆ ದೊರೆಯುತ್ತವೆ. ಪಶ್ಚಿಮದ ಹೊಸ ಭೂಮಿಗೆ ಹೊರಟ ಮಗ ಪೂರ್ವದ ಹಳೆಯ ಮನೆಗೆ ಬರೆದ ಕಾಗದ, ಗೋದಿಯ ಧಾರಣೆ, ಹೊಲದ ಮೇಲಿನ ಸಾಲ ಮುಂತಾದವುಗಳಿಂದ ಒಂದು ದೇಶದ ಕೃಷಿಚರಿತ್ರೆಯನ್ನೇ ಅವರು ಕಟ್ಟಿಕೊಂಡಿದ್ದಾರೆ. ಅಲ್ಲಿನ ರೈತ ತಾನು ಮನೆಯಲ್ಲಿ ಆಡುವ ಭಾಷೆಯಲ್ಲಿಯೇ ಬಹುಮಟ್ಟಿಗೆ ತನ್ನ ಕೈಯಿಂದಲೇ ಬರೆದ. ನಮ್ಮಲ್ಲಿ ಈ ಎರಡೂ ಸಂಗತಿಗಳು ಬೇರೆಯಾಗಿವೆ, ಕಷ್ಟದ ಬೇರೂ ಅಲ್ಲಿಯೇ ಇದೆ.

ಅಮೆರಿಕನ್ ರೈತನೇ ಕರ್ನಾಟಕಕ್ಕೆ ಬಂದು ಕಾಗದ ಬರೆದ ಪ್ರಸಂಗವೊಂದೂ ಉಂಟು. 1840ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯು ಅಮೆರಿಕೆಯ ದಕ್ಷಿಣ ಸೀಮೆಯಿಂದ ಹತ್ತು ಮಂದಿ ಹತ್ತಿ ಬೆಳೆಗಾರರನ್ನು ಸಂಬಳ ಕೊಟ್ಟು ಕರೆತಂದಿತು. ಅವರಲ್ಲಿ ಮರ್ಸರ್ ಎಂಬವನು ಧಾರವಾಡದ ಕಪ್ಪುಮಣ್ಣಿನಲ್ಲಿ ನ್ಯೂ ಆರ್ಲಿಯನ್ಸ್ ಹತ್ತಿಯನ್ನು ಬೆಳೆಸಲು ನಿಯುಕ್ತನಾದ. ಬೀಜವೇನೋ ಆ ಮಣ್ಣಿಗೆ ಒಗ್ಗಿತು. ಧಾರವಾಡ-ಅಮೆರಿಕನ್ ಎಂಬ ಹೆಸರಿನಿಂದ ಆ ಹತ್ತಿ ಕುಮಟಾ ಬಂದರಿನ ಮೂಲಕ ಹೊರಕ್ಕೆ ಹೋಯಿತು, 1861-65ರ ಅಮೆರಿಕನ್ ಅಂತರ್ಯುದ್ಧದ ಕಾಲದಲ್ಲಿ ಅದಕ್ಕೆ ಹಿಂದೆಂದೂ ಇಲ್ಲದ ಬೆಲೆಯೂ ಬಂತು. ಆದರೆ ಆ ಬೆಳೆಗಾರನೇ ಸರಕಾರಕ್ಕೆ ತಿಳಿಸಿದ್ದು ಬೇರೊಂದು ಮಾತು: ಪ್ರಯೋಗದ ಹೊಲಗಳು ವ್ಯರ್ಥವೆಚ್ಚ, ಅಮೆರಿಕೆಯ ಪದ್ಧತಿ ಇಲ್ಲಿಗೆ ಹೊಂದದು, ತನ್ನ ನೆಲ ಮತ್ತು ಹವೆಯನ್ನು ಬಲ್ಲ ಇಲ್ಲಿನ ಒಕ್ಕಲಿಗನೇ ಇದನ್ನು ಇನ್ನೂ ಚೆನ್ನಾಗಿ, ಇನ್ನೂ ಅಗ್ಗವಾಗಿ ಬೆಳೆಯಬಲ್ಲ. ಈ ಬೆಳೆಗಾರರ ಪತ್ರವ್ಯವಹಾರ ಲಂಡನ್ನಿನ ಪಾರ್ಲಿಮೆಂಟಿಗಾಗಿ ಅಚ್ಚಾಗಿ ಉಳಿದುಕೊಂಡಿತು. ಅವರು ಹೊಗಳಿದ ಒಕ್ಕಲಿಗನ ಮಾತು ಮಾತ್ರ ಅವರ ಕಾಗದದೊಳಗಿನ ಪರೋಕ್ಷ ವಾಕ್ಯವಾಗಿಯೇ ಉಳಿಯಿತು. ಕರಾವಳಿಯ ಮನೆಗಳ ಕಾಗದಗಳು ಮುಖ್ಯವೆನಿಸುವುದು ಈ ಕಾರಣಕ್ಕೆ. ಅಲ್ಲಿ ಒಕ್ಕಲುತನದ ಮಾತು ಪರರ ಕಾಗದದಲ್ಲಿಲ್ಲ, ತನ್ನದೇ ಕಾಗದದಲ್ಲಿದೆ.

ಬರೆದವರು ಯಾರು, ಯಾವ ಭಾಷೆಯಲ್ಲಿ

ಈ ನಾಡಿನ ಕೃಷಿಕರ ಮನೆಮಾತು ಬಹುಪಾಲು ತುಳು. ಶಂಕರಪುರದಂಥ ಕ್ರೈಸ್ತ ನೆಲೆಗಳಲ್ಲಿ ಮತ್ತು ಗೌಡ ಸಾರಸ್ವತರಲ್ಲಿ ಕೊಂಕಣಿ. ಕಡಲಂಚಿನ ಮುಸಲ್ಮಾನರಲ್ಲಿ ಬ್ಯಾರಿ ಭಾಷೆ. ಆದರೆ ಕಾಗದಕ್ಕೆ ಇಳಿಯುತ್ತಿದ್ದುದು ಕನ್ನಡ. ಕಚೇರಿ, ನ್ಯಾಯಾಲಯ, ಶಾಲೆ, ಶ್ಯಾನುಭೋಗರ ಲೆಕ್ಕ ಎಲ್ಲವೂ ಕನ್ನಡದಲ್ಲಿ ನಡೆಯುತ್ತಿದ್ದ ಕಾರಣ ಬರಹವೆಂದರೆ ಕನ್ನಡವೇ ಎಂಬ ರೂಢಿ ಗಟ್ಟಿಯಾಗಿತ್ತು. ತುಳುವಿನಲ್ಲಿ ಹೇಳಿದುದನ್ನು ಕನ್ನಡದಲ್ಲಿ ಬರೆದು, ತಲುಪಿದ ಊರಿನಲ್ಲಿ ಮತ್ತೊಬ್ಬ ಅದನ್ನು ಕನ್ನಡದಲ್ಲಿ ಓದಿ ತುಳುವಿನಲ್ಲಿ ತಿಳಿಸುವ ಕ್ರಮ ಸಾಮಾನ್ಯವಾಗಿತ್ತು. ಹೀಗಾಗಿ ಒಂದು ಪತ್ರದಲ್ಲಿ ಕನಿಷ್ಠ ನಾಲ್ವರ ಪಾಲಿದೆ: ಹೇಳಿದವ, ಬರೆದವ, ಓದಿದವ, ಕೇಳಿದವ. ಬರೆದವನು ಸಾಮಾನ್ಯವಾಗಿ ಊರಿನ ಶ್ಯಾನುಭೋಗ, ಗುತ್ತಿನ ಮನೆಯ ಲೆಕ್ಕಿಗ, ಐಗಳ ಮಠದ ಐಗಳು, ಇಲ್ಲವೆ ಮನೆಯ ಓದಿದ ಹುಡುಗ. ಕರಾರು ಪತ್ರಗಳ ಕೊನೆಯಲ್ಲಿ ಬರೆದವನ ಹೆಸರು ‘ಬಿಕಲಂ’ ಎಂಬ ಪಾರಸಿ ಮೂಲದ ಪದದೊಡನೆ ಬರುತ್ತದೆ. ಇಂಥವರ ಲೇಖನಿಯಿಂದ ಎಂದು ಅದರ ಅರ್ಥ. ಮನೆವಾರ್ತೆಯ ಪತ್ರದಲ್ಲಿ ಈ ಪದ ಇರುವುದಿಲ್ಲ. ಅಲ್ಲಿ ಹಸ್ತಾಕ್ಷರ ಮತ್ತು ಕೊನೆಯ ರುಜು ಒಂದೇ ಕೈಯವೇ ಎಂಬುದನ್ನು ಕಣ್ಣಿಟ್ಟು ನೋಡಬೇಕಾಗುತ್ತದೆ.

ಹೀಗೆ ಬರೆಸಿದ ಪತ್ರಗಳಲ್ಲಿ ಭಾವ ಕಡಮೆ, ಒಕ್ಕಣೆ ಹೆಚ್ಚು ಎಂಬ ಆಕ್ಷೇಪವುಂಟು. ಇದು ಅರ್ಧಸತ್ಯ. ಶ್ಯಾನುಭೋಗನ ಮುಂದೆ ಕುಳಿತು ತಾಯಿಯೊಬ್ಬಳು ಮಗನಿಗೆ ತನ್ನ ಮನಸ್ಸಿನ ಮಾತನ್ನು ಬರೆಸುವುದು ಸುಲಭವಲ್ಲ, ನಿಜ. ಆದರೆ ಒಕ್ಕಣೆಯೇ ಇಲ್ಲಿ ಬಹಳಷ್ಟನ್ನು ಹೇಳುತ್ತದೆ. ‘ತೀರ್ಥರೂಪ’, ‘ಮಾತೃಶ್ರೀ’, ‘ಚಿರಂಜೀವಿ’, ‘ಸೌಭಾಗ್ಯವತಿ’, ‘ರಾಜಮಾನ್ಯ ರಾಜಶ್ರೀ’, ವಿಧವೆಯರಿಗೆ ‘ಗಂಗಾಭಾಗೀರಥೀ ಸಮಾನ’ ಎಂಬ ಸಂಬೋಧನೆಗಳು ಬರೆಯುವವನಿಗೂ ಓದುವವನಿಗೂ ಇರುವ ಅಂತರವನ್ನು ಅಳೆದು ಹಾಕಿದವು. ಹಿಂದಿನ ವರ್ಷ ‘ಸೌಭಾಗ್ಯವತಿ’ ಎಂದಿದ್ದ ಹೆಸರು ಈ ವರ್ಷದ ಪತ್ರದಲ್ಲಿ ಬೇರೆ ವಿಶೇಷಣದೊಡನೆ ಬಂದರೆ ನಡುವೆ ಆ ಮನೆಯಲ್ಲಿ ಒಂದು ಸಾವು ಆಗಿದೆಯೆಂದು ತಿಳಿಯಬೇಕು. ಆ ಸಾವಿನ ಸುದ್ದಿ ತಂದ ಕಾಗದ ಮಾತ್ರ ಕಟ್ಟಿನಲ್ಲಿ ಸಿಗಲಾರದು. ಅಶುಭದ ಕಾಗದವನ್ನು ಓದಿದೊಡನೆ ಹರಿದುಹಾಕುವುದು ರೂಢಿ. ಅರಸಿನ ಹಚ್ಚಿದ ಮದುವೆಯ ಕರೆ ಮಾತ್ರ ಪೆಟ್ಟಿಗೆ ಸೇರುತ್ತಿತ್ತು. ಕಟ್ಟಿನಲ್ಲಿ ಮದುವೆಗಳೇ ತುಂಬಿ ಸಾವುಗಳೇ ಇಲ್ಲದಿರುವುದನ್ನು ಕಂಡು ಆ ಮನೆತನ ಸುಖದಲ್ಲಿತ್ತೆಂದು ಬರೆಯುವ ಉತ್ಸಾಹಿಗಳು ಈ ರೂಢಿಯನ್ನು ನೆನಪಿನಲ್ಲಿಡಬೇಕು.

ಪತ್ರದ ತಲೆಯ ಮೇಲಿನ ಗುರುತು ಮತವನ್ನು ಸೂಚಿಸುತ್ತದೆ. ಹಿಂದೂ ಮನೆತನದವರು ‘ಶ್ರೀ’ ಎಂದೋ ಗಣಪತಿಗೆ ನಮಸ್ಕಾರವೆಂದೋ ತೊಡಗಿದರೆ ಕಾರ್ಕಳದ ಕಡೆಯ ಜೈನರು ವೀತರಾಗನನ್ನು ನೆನೆದು ತೊಡಗುತ್ತಾರೆ. ಆಮೇಲೆ ‘ಉಭಯಕುಶಲೋಪರಿ’; ಅಲ್ಲಿಂದ ಮುಂದಿನದೇ ವಿಷಯ.

ಕೊಂಕಣಿ ಕ್ರೈಸ್ತರ ಕಾಗದಗಳಿಗೆ ಬೇರೊಂದು ಹಿನ್ನೆಲೆಯಿದೆ. 1784ರಲ್ಲಿ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಅವರ ಮನೆ, ಭೂಮಿಗಳೊಡನೆ ಕಾಗದಪತ್ರಗಳೂ ಕೈಬಿಟ್ಟವು. 1799ರ ಅನಂತರ ಹಿಂದಿರುಗಿದವರು ತಮ್ಮ ನೆಲವನ್ನು ಮರಳಿ ಕೇಳಬೇಕಾದಾಗ ತೋರಿಸಲು ಬಹುಮಂದಿಗೆ ಬರಹದ ಆಧಾರವಿರಲಿಲ್ಲ. ನೆರೆಯವರ ನೆನಪೇ ಸಾಕ್ಷಿಯಾಗಬೇಕಾಯಿತು. ಆದುದರಿಂದ ಈ ಸಮಾಜದ ಮನೆಗಳಲ್ಲಿ ಹಳೆಯ ಕಾಗದವೆಂದರೆ ಸಾಮಾನ್ಯವಾಗಿ ಹತ್ತೊಂಬತ್ತನೆಯ ಶತಮಾನದ್ದೇ. ಈ ಪತ್ರಗಳಲ್ಲಿ ವ್ಯವಹಾರ ಕನ್ನಡ ಭಾಷೆಯಲ್ಲಿ, ಮನೆಯ ಮಾತು ಕನ್ನಡ ಲಿಪಿಯ ಕೊಂಕಣಿಯಲ್ಲಿ ಸಾಗಿತು. ಕನ್ನಡ ಲಿಪಿಯಲ್ಲಿ ಕೊಂಕಣಿಯ ಮೊದಲ ನಿಯತಕಾಲಿಕ ‘ಕೊಂಕಣಿ ದಿರ್ವೆಂ’ ಮಂಗಳೂರಿನಲ್ಲಿ ಹೊರಟುದು 1912ರಲ್ಲಿ. ಅದಕ್ಕೂ ಹಿಂದೆ ಈ ಬರಹಕ್ಕೆ ಓದುಗವರ್ಗ ಸಿದ್ಧವಾಗಿದ್ದರೆ, ಅದರಲ್ಲಿ ಮನೆವಾರ್ತೆಯ ಪತ್ರಗಳ ಪಾಲೂ ಇತ್ತೆಂದು ಊಹಿಸುವುದು ತಪ್ಪಾಗಲಾರದು.

ಮನೆ ಯಾವುದು, ವ್ಯವಹಾರ ಯಾವುದು

ಪಾಶ್ಚಾತ್ಯ ಗ್ರಂಥಾಲಯಗಳು ಇಂಥ ಸಂಗ್ರಹಗಳನ್ನು ಕುಟುಂಬದ ಪತ್ರ, ವ್ಯವಹಾರದ ಪತ್ರ ಎಂದು ಎರಡಾಗಿ ವಿಂಗಡಿಸುತ್ತವೆ. ನಮ್ಮ ಕರಾವಳಿಯ ಕಾಗದಗಳಿಗೆ ಈ ವಿಂಗಡಣೆ ಒಪ್ಪುವುದಿಲ್ಲ. ಅಳಿಯಸಂತಾನ ಕಟ್ಟಿನ ಕುಟುಂಬದಲ್ಲಿ ಆಸ್ತಿ ಯಾರೊಬ್ಬನದೂ ಅಲ್ಲ, ಹೆಣ್ಣಿನ ಸಂತತಿಯಿಂದ ಸಾಗಿಬರುವ ಇಡೀ ಕುಟುಂಬದ್ದು. ಯಜಮಾನ ಅಥವಾ ಯಜಮಾನ್ತಿ ಅದನ್ನು ನೋಡಿಕೊಳ್ಳುವವರು ಮಾತ್ರ. ಇಲ್ಲಿ ವ್ಯವಹಾರದ ಪತ್ರ ಹರಿಯುವುದು ತಂದೆ ಮಕ್ಕಳ ನಡುವೆಯಲ್ಲ, ಸೋದರಮಾವ ಮತ್ತು ಅಳಿಯನ ನಡುವೆ. ಮಾವನಿಗೆ ಅಳಿಯ ಗದ್ದೆಯ ಲೆಕ್ಕ ಒಪ್ಪಿಸುವ ಕಾಗದದಲ್ಲಿಯೇ ತಂಗಿಯ ಹೆರಿಗೆ, ಕೋಣ ಸತ್ತುದು, ದೈವದ ನೇಮಕ್ಕೆ ಬೇಕಾದ ಅಕ್ಕಿ ತೆಂಗು ಎಲ್ಲವೂ ಬರುತ್ತವೆ. ಹೆರಿಗೆಯ ಸುದ್ದಿ ಇಲ್ಲಿ ಆಸ್ತಿಯ ಸುದ್ದಿಯೂ ಹೌದು. ಹುಟ್ಟಿದ್ದು ಹೆಣ್ಣಾದರೆ ಒಂದು ಕವರು ಬೆಳೆಯಿತೆಂದು ಅರ್ಥ. ಅದೇ ಮನುಷ್ಯ ತನ್ನ ಹೆಂಡತಿ ಮಕ್ಕಳಿಗೆ ಬರೆದ ಪತ್ರ ಅವನ ತರವಾಡಿನ ಕಟ್ಟಿನಲ್ಲಿ ದೊರೆಯುವುದಿಲ್ಲ, ಅದು ಹೆಂಡತಿಯ ಮನೆಯ ಕಟ್ಟಿನಲ್ಲಿರುತ್ತದೆ. ಒಬ್ಬನ ಬದುಕನ್ನು ತಿಳಿಯಲು ಎರಡು ಮನೆಗಳ ಪೆಟ್ಟಿಗೆ ತೆರೆಯಬೇಕು. ಮಕ್ಕಳಕಟ್ಟಿನ ಬ್ರಾಹ್ಮಣ ಮತ್ತು ಕ್ರೈಸ್ತ ಮನೆತನಗಳಲ್ಲಿ ಈ ತೊಡಕಿಲ್ಲ.

ಇಲ್ಲಿನ ಹಿಡುವಳಿಯ ಹೆಸರೇ ಕಾಗದದಿಂದ ಬಂದುದು. ಒಬ್ಬನ ಹೆಸರಿನಲ್ಲಿರುವ ಕಂದಾಯದ ಭೂಮಿಗೆ ‘ವರ್ಗ’ ಎನ್ನುತ್ತಾರೆ. ಎಲೆ, ಲೆಕ್ಕದ ಹಾಳೆ ಎಂಬ ಅರ್ಥದ ಅರಬ್ಬಿ ಪದ ಇದಕ್ಕೆ ಮೂಲವೆಂದು ಕಂದಾಯದ ಗ್ರಂಥಗಳು ತಿಳಿಸುತ್ತವೆ. ವರ್ಗದಾರನಿಂದ ಕಾಯಂ ಗೇಣಿಗೆ ಹಿಡಿದವ ಮೂಲಗೇಣಿದಾರ. ಅವನ ಗೇಣಿ ಏರುವಂತಿಲ್ಲ. ಅವಧಿ ನಿಶ್ಚಯಿಸಿ ಹಿಡಿದವನದು ವಾಯಿದೆಗೇಣಿ. ವರ್ಷವರ್ಷಕ್ಕೆ ನವೀಕರಿಸಬೇಕಾದುದು ಚಾಲಗೇಣಿ. ಮೂಲಗೇಣಿದಾರನ ಕೈಕೆಳಗೆ ಒಳಮೂಲಗೇಣಿ, ಅದರ ಕೆಳಗೆ ಚಾಲಗೇಣಿ ಹೀಗೆ ಒಂದೇ ಗದ್ದೆಯ ಮೇಲೆ ಮೂರು ನಾಲ್ಕು ಹಕ್ಕುಗಳು ಪದರ ಪದರವಾಗಿ ಕುಳಿತಿರುತ್ತವೆ. ಯಾವ ಮನೆಯ ಕಟ್ಟು ನಮ್ಮ ಕೈಯಲ್ಲಿದೆ, ಆ ಮನೆ ಈ ಏಣಿಯ ಯಾವ ಮೆಟ್ಟಿಲಲ್ಲಿತ್ತು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳದೆ ಒಂದು ಪತ್ರವನ್ನೂ ಸರಿಯಾಗಿ ಅರ್ಥೈಸಲಾಗದು. ಗೇಣಿ ಬಾಕಿಯ ಕಾಗದ ಒಡೆಯನ ಮನೆಯಲ್ಲಿ ಲೆಕ್ಕವಾಗಿರುತ್ತದೆ, ಒಕ್ಕಲಿನ ಮನೆಯಲ್ಲಿ ಭಯವಾಗಿರುತ್ತದೆ.

ಗದ್ದೆಯನ್ನು ಎಕರೆಯಲ್ಲಿ ಹೇಳುವ ರೂಢಿ ಈ ಪತ್ರಗಳಲ್ಲಿಲ್ಲ. ಎಷ್ಟು ಮುಡಿ ಬೀಜ ಬಿತ್ತುವ ಗದ್ದೆ ಎಂಬುದೇ ಅಳತೆ. ಗೇಣಿಯೂ ಅಕ್ಕಿ ಮುಡಿಯ ಲೆಕ್ಕದಲ್ಲಿ. ಬೈಹುಲ್ಲಿನಲ್ಲಿ ಕಟ್ಟಿದ ಮುಡಿಗೆ ಮೂರು ಕಳಸೆ, ಕಳಸೆಗೆ 14 ಸೇರು, ಹೀಗೆ ಮುಡಿಗೆ 42 ಸೇರು ಎಂಬುದು ಪ್ರಚಲಿತ ಲೆಕ್ಕವಾದರೂ ಗೇಣಿ ಅಳೆಯುವ ಸೇರು ಮತ್ತು ಪೇಟೆಯ ಸೇರು ಒಂದೇ ಆಗಿರಬೇಕೆಂದಿಲ್ಲ. ಯಾವ ಸೇರಿನಿಂದ ಅಳೆಯತಕ್ಕದ್ದೆಂದು ಗೇಣಿ ಚೀಟಿನಲ್ಲಿ ಬರೆಸಿಕೊಳ್ಳುತ್ತಿದ್ದುದು ಸುಮ್ಮನೆ ಅಲ್ಲ. ಸೇರು ಕೊಂಚ ದೊಡ್ಡದಾದರೂ ಗೇಣಿ ಏರಿದಂತೆಯೇ. ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳ ಹೆಸರು, ಬೈಲು, ಮಜಲು, ಬೆಟ್ಟು ಎಂಬ ಗದ್ದೆಯ ದರ್ಜೆಗಳು ಪತ್ರಗಳಲ್ಲಿ ವಿವರಣೆಯಿಲ್ಲದೆ ಬರುತ್ತವೆ. ಕೊಳಕೆ ಬೆಳೆ ಎಂಬ ಒಂದು ಪದದಿಂದಲೇ ಆ ಗದ್ದೆಗೆ ಬೇಸಗೆಯವರೆಗೂ ನೀರಿನ ಆಸರೆ ಇತ್ತೆಂದು ಓದುಗ ತಿಳಿದುಕೊಳ್ಳಬೇಕು.

ಈ ಕಾಗದಗಳಲ್ಲಿ ಮಾತನಾಡದವರೂ ಇದ್ದಾರೆ. ಶತಮಾನದ ಪೂರ್ವಾರ್ಧದ ಪತ್ರಗಳಲ್ಲಿ ಭೂಮಿಯೊಡನೆ ಮೂಲದಾಳುಗಳನ್ನೂ ಎಣಿಸಿ ಬರೆಯುವುದುಂಟು. ಬ್ಯೂಕನನ್ 1801ರಲ್ಲಿ ತುಳುನಾಡಿನಲ್ಲಿ ಸಂಚರಿಸಿದಾಗ ಆಳುಗಳನ್ನು ಕ್ರಯಕ್ಕೆ, ಅಡವಿಗೆ, ಬಾಡಿಗೆಗೆ ಕೊಡುವ ಪದ್ಧತಿಯನ್ನು ಕಂಡು ದಾಖಲಿಸಿದ್ದಾನೆ. 1843ರ ಕಾಯಿದೆಯು ಗುಲಾಮಿಕೆಗೆ ನ್ಯಾಯಾಲಯದ ಮನ್ನಣೆಯನ್ನು ತೆಗೆದುಹಾಕಿತು. ಅನಂತರದ ಕಾಗದಗಳಲ್ಲಿ ಆಳಿನ ಕ್ರಯದ ಮಾತು ಮರೆಯಾಗಿ, ಆಳಿಗೆ ಕೊಟ್ಟ ಮುಂಗಡದ ಸಾಲ ಎಂಬ ಮಾತು ಅದರ ಜಾಗದಲ್ಲಿ ಕುಳಿತಿರುವುದನ್ನು ಕಂಡಾಗ ಬದಲಾದುದು ಬದುಕೋ ಒಕ್ಕಣೆಯೋ ಎಂದು ಕೇಳಿಕೊಳ್ಳಬೇಕು. ಮನೆತನದ ಗೌರವಕ್ಕೆ ಕುಂದೆಂದು ಇಂಥ ಹಾಳೆಗಳನ್ನು ಕಟ್ಟಿನಿಂದ ತೆಗೆದಿಡುವುದು ಇಂದು ತಿಳಿಯದ ಸಂಗತಿಯಲ್ಲ. ಹಾಗೆ ತೆಗೆದರೆ ಆ ಜನ ಚರಿತ್ರೆಯಲ್ಲಿ ಉಳಿದುಕೊಂಡಿದ್ದ ಏಕೈಕ ಜಾಗವೂ ಹೋಗುತ್ತದೆ.

ಕಾಲನಿರ್ಣಯದ ತೊಡಕು

ಈ ಬಗೆಯ ಆಕರಗಳನ್ನು ಬಳಸುವವರಿಗೆ ಅತಿ ದೊಡ್ಡ ಅಡಚಣೆ ಕಾಲನಿರ್ಣಯದ್ದು. ಪತ್ರದಲ್ಲಿ ಸಾಮಾನ್ಯವಾಗಿ ಸಂವತ್ಸರದ ಹೆಸರು, ಸೌರಮಾಸ ಮತ್ತು ದಿನದ ಸಂಖ್ಯೆ ಮಾತ್ರ ಇರುತ್ತವೆ. ಮಾಸಗಳು ಮೇಷ, ವೃಷಭ ಎಂದು ಕನ್ನಡದಲ್ಲಿ ಬಂದರೂ ಆಡುವುದು ಪಗ್ಗು, ಬೇಶ, ಕಾರ್ತೆಲ್, ಆಟಿ ಎಂದು. ಚಾಂದ್ರಮಾನದ ಪಂಚಾಂಗ ಹಿಡಿದು ಓದುವ ಘಟ್ಟದ ಮೇಲಿನ ಸಂಶೋಧಕರು ಇಲ್ಲಿ ಹೆಜ್ಜೆ ತಪ್ಪುತ್ತಾರೆ. ಇನ್ನೂ ದೊಡ್ಡ ತೊಡಕೆಂದರೆ ಸಂವತ್ಸರ 60 ವರ್ಷಕ್ಕೊಮ್ಮೆ ಮರಳಿ ಬರುವುದು. ‘ಹೇವಿಳಂಬಿ ಸಂವತ್ಸರ’ ಎಂದು ಮಾತ್ರ ಬರೆದಿರುವ ಪತ್ರ 1837-38ರದೂ ಆಗಬಹುದು, 1897-98ರದೂ ಆಗಬಹುದು. ಮೊದಲನೆಯದು ಕಲ್ಯಾಣಪ್ಪನ ಕಾಟಕಾಯಿಯ ವರ್ಷ. ಕೊಡಗು, ಸುಳ್ಯದ ಕಡೆಯಿಂದ ಬಂದ ದಂಗೆಯ ದಂಡು ಮಂಗಳೂರನ್ನು ಹಿಡಿದ ಕಾಲ. ಎರಡನೆಯದು ಪ್ಲೇಗು ಮುಂಬಯಿಯನ್ನು ನಡುಗಿಸಿದ, ಅಲ್ಲಿದ್ದವರು ಊರಿಗೆ ಓಡಿಬಂದ ಕಾಲ. ‘ಗಲಾಟೆಯ ನಿಮಿತ್ತ ಬರಲಾಗಲಿಲ್ಲ’ ಎಂಬಂಥ ಒಂದು ವಾಕ್ಯ ಈ ಎರಡರಲ್ಲಿ ಯಾವ ವರ್ಷಕ್ಕೆ ಸೇರುತ್ತದೆ ಎಂಬುದರ ಮೇಲೆ ಅದರ ಅರ್ಥವೇ ಬೇರೆಯಾಗುತ್ತದೆ.

ಬಿಡಿಸಿಕೊಳ್ಳುವ ದಾರಿಗಳಿವೆ. ತೀರ್ವೆಯ ಕಾಗದವಾದರೆ ಅದರಲ್ಲಿ ಫಸಲಿ ವರ್ಷವಿರುತ್ತದೆ. ಜುಲೈ ತಿಂಗಳಲ್ಲಿ ತೊಡಗುವ ಫಸಲಿಗೆ 590 ಕೂಡಿಸಿದರೆ ಅದು ತೊಡಗಿದ ಕ್ರಿಸ್ತಶಕ ವರ್ಷ ದೊರೆಯುತ್ತದೆ. ಫಸಲಿ 1247 ಮೊದಲನೆಯ ಹೇವಿಳಂಬಿ, 1307 ಎರಡನೆಯದು. ಕನ್ನಡದ ೬ ಮತ್ತು ೯ ಅಂಕಿಗಳನ್ನು ಮೋಡಿ ಬರಹದಲ್ಲಿ ಒಂದಕ್ಕೊಂದು ತಪ್ಪಾಗಿ ಓದುವ ಸಂಭವ ಹೆಚ್ಚಾದುದರಿಂದ ಇದೊಂದನ್ನೇ ನಂಬಬಾರದು. ನಾಣ್ಯದ ಹೆಸರೂ ನೆರವಿಗೆ ಬರುತ್ತದೆ. ವರಹ, ಹಣಗಳಲ್ಲಿ ಲೆಕ್ಕ ನಡೆದಿದ್ದರೆ ಪತ್ರ ಶತಮಾನದ ಮೊದಲ ಭಾಗದ್ದು. ಕಂಪೆನಿ ರೂಪಾಯಿ ಎಲ್ಲ ಪ್ರಾಂತಗಳಿಗೂ ಏಕರೂಪವಾದುದು 1835ರಲ್ಲಿ. ಕಂಪೆನಿಯ ಹೆಸರಿಲ್ಲದ ರಾಣಿಯ ಛಾಪಿನ ರೂಪಾಯಿ 1862ರಿಂದ ಈಚಿನದು. ರೂಪಾಯಿಯ ಕಾಲು, ಅರೆ, ಮುಕ್ಕಾಲುಗಳನ್ನು ಒಂದು, ಎರಡು, ಮೂರು ನಿಲುಗೆರೆಗಳಿಂದ ಸೂಚಿಸುವ ಪದ್ಧತಿಯಿದ್ದುದರಿಂದ ಈ ಗೆರೆಗಳನ್ನು ಪೂರ್ಣವಿರಾಮವೆಂದು ತಿಳಿದು ಬಿಟ್ಟರೆ ಲೆಕ್ಕ ಕೂಡುವುದಿಲ್ಲ.

ಬರೆದ ವಸ್ತುವೂ ಕಾಲವನ್ನು ಹೇಳುತ್ತದೆ. ಶತಮಾನದ ಆರಂಭದಲ್ಲಿ ಓಲೆಗರಿಯೂ ಕಡತವೂ ಬಳಕೆಯಲ್ಲಿದ್ದವು. ಹುಣಿಸೆಬೀಜದ ಅಂಟು ಮತ್ತು ಇದ್ದಿಲ ಮಸಿಯನ್ನು ಲೇಪಿಸಿ ಕಪ್ಪಾಗಿಸಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಚಿ ಬಳಪದಿಂದ ಬರೆದುದೇ ಕಡತ. ಅಳಿಸಿ ಮತ್ತೆ ಬರೆಯಬಹುದಾದುದರಿಂದ ಅದು ನಡೆಯುತ್ತಿರುವ ಲೆಕ್ಕಕ್ಕೆ ಅನುಕೂಲ, ಹಕ್ಕಿನ ಸಾಕ್ಷ್ಯಕ್ಕೆ ದುರ್ಬಲ. ಛಾಪಾ ಕಾಗದ, 1864ರ ಅನಂತರದ ನೋಂದಣಿ ಮತ್ತು 1872ರ ಸಾಕ್ಷ್ಯ ಕಾಯಿದೆ ಇವು ಕಡತವನ್ನು ಬದಿಗೆ ಸರಿಸಿದವು. ಸಾಕ್ಷ್ಯ ಕಾಯಿದೆಯ ಪ್ರಕಾರ ತಕ್ಕ ವಶದಲ್ಲಿದ್ದ 30 ವರ್ಷ ಹಳೆಯ ದಸ್ತಾವೇಜಿನ ರುಜು, ಬರಹಗಳು ನಿಜವೆಂದು ನ್ಯಾಯಾಲಯ ಊಹಿಸಿಕೊಳ್ಳಬಹುದಾಗಿತ್ತು. ಮೃತರು ವ್ಯಾಜ್ಯ ಹುಟ್ಟುವ ಮೊದಲೇ ಬಂಧುತ್ವದ ಬಗ್ಗೆ ಬರೆದ ಮಾತಿಗೂ ಬೆಲೆಯಿತ್ತು. ಆಸ್ತಿಯ ವ್ಯಾಜ್ಯಗಳು ಹೇರಳವಾಗಿದ್ದ ಈ ಜಿಲ್ಲೆಯಲ್ಲಿ ಕ್ಷೇಮ ಸಮಾಚಾರದ ಪತ್ರವನ್ನು ಕೂಡ ಜೋಪಾನವಾಗಿ ಇಟ್ಟುದರ ಗುಟ್ಟು ಇಲ್ಲಿದೆ. ಪ್ರೀತಿಗಾಗಿ ಉಳಿದ ಪತ್ರಗಳಿಗಿಂತ ದಾವೆಗಾಗಿ ಉಳಿದ ಪತ್ರಗಳು ಹೆಚ್ಚು ಎಂದರೆ ಅತಿಶಯೋಕ್ತಿಯಾಗದು.

ಟಪಾಲು ಮತ್ತು ದೂರದ ಮನೆ

1854ಕ್ಕೆ ಮೊದಲು ಟಪಾಲಿನ ದರ ದೂರವನ್ನು ಅನುಸರಿಸಿತ್ತು. ಸಾಮಾನ್ಯ ಕೃಷಿಕ ಅದನ್ನು ಬಳಸಿದ್ದು ವಿರಳ. ಸಂತೆಗೆ, ಜಾತ್ರೆಗೆ, ಮಚ್ವೆ ಪತ್ತೆಮಾರಿಗಳಲ್ಲಿ ಹೋಗುವವರ ಕೈಯಲ್ಲಿ ಕಾಗದ ಕಳಿಸುತ್ತಿದ್ದರು. ಆ ವರ್ಷದ ಸುಧಾರಣೆಯಿಂದ ಕಾಲು ತೊಲದ ಕಾಗದ ಅರ್ಧ ಆಣೆಗೆ ದೇಶದ ಯಾವ ಮೂಲೆಗೂ ಹೋಗುವಂತಾಯಿತು. ಅಮೆರಿಕೆಯಲ್ಲಿಯೂ 1851ರಲ್ಲಿ ಮುಂಗಡ ಕೊಟ್ಟ ಕಾಗದಕ್ಕೆ 3 ಸೆಂಟಿನ ದರ ಬಂದು 3000 ಮೈಲಿಯವರೆಗೆ ಒಂದೇ ಬೆಲೆಯಾಗಿತ್ತು. ರೈತರ ಪತ್ರಗಳು ಎರಡೂ ದೇಶಗಳಲ್ಲಿ ಶತಮಾನದ ಉತ್ತರಾರ್ಧದಲ್ಲಿ ಹೆಚ್ಚು ದೊರೆಯುವುದಕ್ಕೆ ಅಗ್ಗದ ಟಪಾಲು ಒಂದು ಕಾರಣ. ನಮ್ಮಲ್ಲಿ 1879ರ ಜುಲೈಯಿಂದ ಕಾಲು ಆಣೆಯ ಕಾರ್ಡು ಬಂತು; 1880ರಲ್ಲಿ ಮನಿಯಾರ್ಡರು. ಕಾರ್ಡು ಬಂದ ಮೇಲೆ ಒಕ್ಕಣೆ ಕುಗ್ಗಿತು, ಗುಟ್ಟಿನ ಮಾತು ಕಾಗದದಿಂದ ದೂರವಾಯಿತು. ಊರಿನ ಎಲ್ಲರೂ ಓದಬಹುದಾದ ಕಾರ್ಡಿನಲ್ಲಿ ಸಾಲದ ಮಾತನ್ನು ಯಾರು ಬರೆಯುತ್ತಾರೆ? ಟಿಕೆಟ್ಟಿಲ್ಲದೆ ಕಳಿಸಿದ ಬೇರಿಂಗ್ ಕಾಗದಕ್ಕೆ ಪಡೆಯುವವನು ಇಮ್ಮಡಿ ತೆರಬೇಕಿತ್ತು. ಆದರೂ ಕಾಗದ ತಪ್ಪದೆ ತಲುಪಬೇಕಾದಾಗ ಬೇರಿಂಗ್ ಮಾಡುವ ಉಪಾಯ ಬಲ್ಲವರಿದ್ದರು. ದುಡ್ಡು ಬರಬೇಕಾದ ಕಾಗದವನ್ನು ಅಂಚೆಯವನು ಕಳೆಯಲಾರ.

ಕೃಷಿಕ ಮನೆಯಿಂದ ಹೊರಟವರು ಮೊದಲು ಹೋದುದು ಘಟ್ಟಕ್ಕೆ, ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ, ಅನಂತರ ಮುಂಬಯಿಗೆ. ಅಲ್ಲಿಂದ ಬಂದ ಹಣ ಇಲ್ಲಿ ಗೇಣಿಬಾಕಿಗೆ, ಅಡವು ಬಿಡಿಸಲು, ಬಾವಿ ತೋಡಲು ಹೋಯಿತು. ಮನಿಯಾರ್ಡರಿನ ಕೆಳತುದಿಯಲ್ಲಿ ನಾಲ್ಕು ಸಾಲು ಬರೆಯಲಿದ್ದ ಜಾಗದಲ್ಲಿ ಮಗ ಏನನ್ನು ಬರೆದ ಎಂಬುದು ಇಡೀ ಕಾಗದಕ್ಕಿಂತ ಹೆಚ್ಚು ತಿಳಿಸುವುದುಂಟು.

ಖಾಸಗಿ ಕಾಗದದ ಆಚೆಗೆ ಇನ್ನೊಂದು ಬಗೆಯಿದೆ: ಕೃಷಿಕರು ಕೂಡಿ ಬರೆದ ಅರ್ಜಿ. 1830-31ರಲ್ಲಿ ಅಕ್ಕಿಯ ಬೆಲೆ ಕುಸಿದು ತೀರ್ವೆ ಹೊರೆಯಾದಾಗ ಕೆನರಾದ ರೈತರು ಕೂಟಗಳನ್ನು ಕಟ್ಟಿಕೊಂಡು ತೀರ್ವೆ ಕೊಡಲು ನಿರಾಕರಿಸಿದರು. ಬೆಳೆನಷ್ಟ ಮತ್ತು ಹೆಚ್ಚಿನ ತೀರ್ವೆಯ ಬಗ್ಗೆ ಒಬ್ಬೊಬ್ಬರಾಗಿಯೂ ಸಾಮೂಹಿಕವಾಗಿಯೂ ಅರ್ಜಿಗಳು ಸಲ್ಲಿಕೆಯಾದವು. ಕೊನೆಗೆ ಮದರಾಸಿನ ರೆವಿನ್ಯೂ ಬೋರ್ಡಿನ ಸ್ಟೋಕ್ಸ್ ವಿಚಾರಣೆಗೆ ಬರಬೇಕಾಯಿತು. ಕೂಟಗಳ ಚರಿತ್ರೆಯನ್ನು ಎನ್. ಶ್ಯಾಮ ಭಟ್ಟರಂಥ ವಿದ್ವಾಂಸರು ಸರಕಾರದ ಕಡತಗಳಿಂದ ಬಿಡಿಸಿ ಬರೆದಿದ್ದಾರೆ. ಮನೆಯ ಕಟ್ಟುಗಳಲ್ಲಿ ಆ ಎರಡು ವರ್ಷಗಳ, ಎಂದರೆ ವಿಕೃತಿ ಮತ್ತು ಖರ ಸಂವತ್ಸರಗಳ ಕಾಗದ ದೊರೆತರೆ ಅವನ್ನು ಪ್ರತ್ಯೇಕವಾಗಿ ಪರಿಶೀಲಿಸುವುದು ಅವಶ್ಯ. ಅರ್ಜಿಯ ಭಾಷೆ ದೈನ್ಯದ್ದು, ಮನೆಯ ಕಾಗದದ ಭಾಷೆ ಹಾಗಿರಬೇಕಿಲ್ಲ.

1974ರ ಅನಂತರ

ಕಾಗದದ ಕಟ್ಟುಗಳಿಗೆ ಅತಿ ದೊಡ್ಡ ಏರುಪೇರು ಬಂದುದು ಇಪ್ಪತ್ತನೆಯ ಶತಮಾನದಲ್ಲಿ. 1974ರ ಮಾರ್ಚ್ 1ರಿಂದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದು ಗೇಣಿಯ ಭೂಮಿ ಸರಕಾರದಲ್ಲಿ ನಿಹಿತವಾಯಿತು. ಜಿಲ್ಲೆಯ ಜನ ಅದನ್ನು ಇಂದಿಗೂ ‘ಡಿಕ್ಲರೇಶನ್’ ಎಂದೇ ಕರೆಯುತ್ತಾರೆ. ಒಕ್ಕಲು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ ತಾನು ಉಳುತ್ತಿದ್ದುದನ್ನು ಭೂನ್ಯಾಯಮಂಡಳಿಯ ಮುಂದೆ ತೋರಿಸಬೇಕಾಗಿತ್ತು; ಅದಕ್ಕೆ 1979ರ ಜೂನ್ 30ರವರೆಗೆ ಅವಕಾಶವಿತ್ತು. ತಲೆಮಾರುಗಳಿಂದ ಜೋಪಾನವಾಗಿದ್ದ ಗೇಣಿ ಚೀಟು, ರಸೀದಿಗಳು ಆಗ ಪೆಟ್ಟಿಗೆಯಿಂದ ಹೊರಬಂದವು. ರಸೀದಿ ಇದ್ದ ಒಕ್ಕಲು ಅದನ್ನು ಹಿಡಿದು ಭೂಮಾಲಿಕನಾದ. ಒಡೆಯ ರಸೀದಿಯನ್ನೇ ಕೊಡದಿದ್ದ ಕಡೆ ಬಾಯಿಸಾಕ್ಷಿಯನ್ನು ನೆಚ್ಚಬೇಕಾಯಿತು. ಒಡೆಯರ ಮನೆಗಳಲ್ಲಾದರೋ ಗೇಣಿ ಲೆಕ್ಕದ ಪುಸ್ತಕಗಳು ಒಮ್ಮೆಲೇ ಬೆಲೆಯಿಲ್ಲದವಾದವು. ಕೆಲವು ಅಟ್ಟದಲ್ಲಿ ಗೆದ್ದಲು ಹಿಡಿದವು, ಕೆಲವು ಬಚ್ಚಲ ಒಲೆ ಸೇರಿದವು. ನೆಲ ಉತ್ತವನಿಗೆ ಸಂದುದು ನ್ಯಾಯವೇ. ಆದರೆ ಆ ನ್ಯಾಯ ಏಕೆ ಬೇಕಾಯಿತೆಂದು ತೋರಿಸುವ ಕಾಗದವೂ ಅದೇ ಹೊತ್ತಿನಲ್ಲಿ ನಾಶವಾಯಿತು.

ಮೂಲಗೇಣಿಯ ಕಾಗದಗಳ ಕಥೆ ಹಾಗಲ್ಲ. ಪೇಟೆಯ ಹಿತ್ತಿಲು, ಮನೆ ನಿವೇಶನಗಳ ಮೇಲೆ ಮೂಲಗೇಣಿ ಮುಂದುವರಿದು, ಮೂಲಗೇಣಿ ಮತ್ತು ಒಳಮೂಲಗೇಣಿದಾರರಿಗೆ ಒಡೆತನ ಕೊಡುವ ಪ್ರತ್ಯೇಕ ಕಾಯಿದೆ 2011ರಲ್ಲಿ ಬಂತು. ಮೋಡಿ ಕನ್ನಡ ಓದಬಲ್ಲವರನ್ನು ವಕೀಲರು ಹುಡುಕಿಕೊಂಡು ಹೋಗುವುದು ಈ ಕಾರಣದಿಂದ. ಪದಗಳ ನಡುವೆ ತೆರಪಿಲ್ಲದ, ದೀರ್ಘ ಮತ್ತು ಒತ್ತುಗಳನ್ನು ಬಿಟ್ಟು ಓಡುವ ಆ ಬರಹವನ್ನು ಸರಾಗವಾಗಿ ಓದುವವರು ಈಗ ವಿರಳವಾಗುತ್ತಿದ್ದಾರೆ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಂಥ ಸಂಸ್ಥೆಗಳು ಓಲೆಗರಿಗಳಿಗೆ ತೋರಿದ ಆಸ್ಥೆಯನ್ನು ಈ ಸಾಮಾನ್ಯ ಕಾಗದಗಳಿಗೂ ವಿಸ್ತರಿಸುವುದು ಅಗತ್ಯ.

ಮನೆಯವರು ಮಾಡಬಹುದಾದುದು ಸರಳವಾಗಿದೆ. ಕಟ್ಟನ್ನು ಬಿಚ್ಚುವ ಮೊದಲು ಕಾಗದಗಳು ಇದ್ದ ಅನುಕ್ರಮವನ್ನು ಗುರುತು ಮಾಡಿಕೊಳ್ಳಬೇಕು. ಯಾವುದರ ಒಳಗೆ ಯಾವುದು ಮಡಚಿತ್ತು ಎಂಬುದೇ ಎಷ್ಟೋ ವೇಳೆ ತಾರೀಕಿಲ್ಲದ ಪತ್ರಕ್ಕೆ ತಾರೀಕು ಕೊಡುತ್ತದೆ. ಲಕೋಟೆ ಮತ್ತು ಟಪಾಲು ಮುದ್ರೆಗಳನ್ನು ಪತ್ರದಿಂದ ಬೇರ್ಪಡಿಸಬಾರದು. ಅಂಚೆಚೀಟಿ ಸಂಗ್ರಹಿಸುವ ಮಕ್ಕಳು ಕತ್ತರಿಸಿದ ಮೂಲೆಗಳೊಡನೆ ಎಷ್ಟು ವರ್ಷಗಳು ಕಳೆದುಹೋಗಿವೆಯೋ ಲೆಕ್ಕವಿಲ್ಲ. ಹರಿದ ಹಾಳೆಗೆ ಪ್ಲಾಸ್ಟಿಕ್ಕಿನ ಅಂಟುಪಟ್ಟಿ ಹಚ್ಚುವುದು, ಲ್ಯಾಮಿನೇಶನ್ ಮಾಡಿಸುವುದು ಹಾನಿಕರ. ಆಟಿಯ ತೇವ ಕಳೆದ ಮೇಲೆ ನೆರಳಿನಲ್ಲಿ ಗಾಳಿಯಾಡಲು ಬಿಟ್ಟು, ಬಿಳಿಯ ಹತ್ತಿಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದಂತೆ ಎತ್ತರದಲ್ಲಿಟ್ಟರೆ ಸಾಕು. ಪ್ರತಿಯೊಂದು ಹಾಳೆಯ ಎರಡೂ ಬದಿಯ ಛಾಯಾಚಿತ್ರ ತೆಗೆಯಬೇಕು. ಅಕ್ಕಿಯ ಲೆಕ್ಕ ಬರೆದ ಬೆನ್ನ ಬದಿಯಲ್ಲಿಯೇ ಮನೆಯ ಹುಡುಗನೊಬ್ಬ ಕಾಗುಣಿತ ತಿದ್ದಿರುವುದುಂಟು, ಆ ಮನೆಗೆ ಅಕ್ಷರ ಕಾಲಿಟ್ಟ ವರ್ಷ ಗೊತ್ತಾಗುವುದು ಅದರಿಂದ.